ಐನೂರು ರೂಪಾಯಿ ಎಲ್ಲರಿಗೂ ಐನೂರೇ?

ಕಾನೂನು ಅಂಕಣಕ್ಕೆ ಬಂದ ಪತ್ರಗಳಲ್ಲಿ ಈ ಸಲ ಹೆಚ್ಚಿನವು ದಂಡದ ಬಗ್ಗೆಯೇ, ಅದನ್ನು ಆದಾಯ ನೋಡಿ ಹಾಕಬೇಕೇ ಎಂಬುದರ ಬಗ್ಗೆಯೇ ಇವೆ. ಮಂಡ್ಯ ಕೋರ್ಟಿನಲ್ಲಿ ವಕೀಲಿಕೆ ಮಾಡುವ ನನ್ನನ್ನೂ ಬಹಳ ಕಾಲದಿಂದ ಕಾಡುತ್ತಿರುವ ವಿಷಯ ಇದು. ಹಾಗಾಗಿ ಜಮೀನು, ಭಾಗ, ಪೋಡಿ ಕುರಿತ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಇವಕ್ಕೇ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಟಿವಿಎಸ್ ಎಕ್ಸೆಲ್‌ನಲ್ಲಿ ಸೊಪ್ಪು, ತರಕಾರಿ ಹೇರಿಕೊಂಡು ಊರೂರು ಮಾರುವವನು ನಾನು. ಮೊನ್ನೆ ಮಳೆಗೆ ಸರ್ವಿಸ್ ರಸ್ತೆಯ ಅಂಡರ್‌ಪಾಸಿನಲ್ಲಿ ನೀರು ನಿಂತಿತ್ತು ಅಂತ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಹತ್ತಿದೆ. ಪೊಲೀಸರು ಹಿಡಿದು 500 ರೂಪಾಯಿ ದಂಡ ಹಾಕಿದರು. ಅಲ್ಲೇ ಪಕ್ಕದಲ್ಲಿ ಒಂದು ದೊಡ್ಡ ಕಾರನ್ನು ಸೀಟ್ ಬೆಲ್ಟ್ ಹಾಕಿಲ್ಲ ಅಂತ ನಿಲ್ಲಿಸಿದ್ದರು. ಅವರಿಗೂ 500. ಆ ಯಜಮಾನರು ಗಾಜು ಇಳಿಸಿ, ಫೋನಿನಲ್ಲೇ ದುಡ್ಡು ಕಟ್ಟಿ, ಬೆಲ್ಟ್ ಹಾಕದೇನೇ ಹೊರಟುಹೋದರು. ನಾನು ಅವತ್ತಿನ ಸೊಪ್ಪನ್ನೆಲ್ಲ ಮಾರಿದ್ದರೂ ನನಗೆ ಅಷ್ಟು ಉಳಿಯುತ್ತಿರಲಿಲ್ಲ. ಇದು ನ್ಯಾಯವಾ ಮೇಡಂ?
— ಗಣಂಗೂರು ಕಡೆಯ ಓದುಗರು

ಉತ್ತರ: ನ್ಯಾಯ ಅಲ್ಲ ಅಣ್ಣ. ಪೊಲೀಸರು ಕಾನೂನು ಪ್ರಕಾರವೇ ನಡೆದುಕೊಂಡಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. 2023ರ ಮಾರ್ಚ್‌ನಲ್ಲಿ ಆ ರಸ್ತೆ ಉದ್ಘಾಟನೆಯಾದ ಮೇಲೆ ಅಲ್ಲಿ ಎಂಥೆಂಥ ಅಪಘಾತಗಳಾದವು ಅನ್ನುವುದನ್ನು ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದಕ್ಕೇ ಆ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಮುಖ್ಯ ಪಥಕ್ಕೆ ಬರಕೂಡದು ಎಂದು ಮಾಡಿದರು. ಗಂಟೆಗೆ ನೂರು ಕಿಲೋಮೀಟರ್ ವೇಗದ ಕಾರುಗಳ ನಡುವೆ ಸೊಪ್ಪಿನ ಮೂಟೆ ಕಟ್ಟಿದ ಎಕ್ಸೆಲ್ ಹೋಗಬಾರದು. ನಿಮ್ಮ ಜೀವ ಉಳಿಯಲೆಂದೇ ಆ ನಿಯಮ ಇರುವುದು. ನನ್ನ ತಕರಾರು ನಿಯಮದ ಮೇಲಲ್ಲ, ಆ 500ರ ಮೇಲೆ.

ನರೇಗಾದಲ್ಲಿ 2025–26ಕ್ಕೆ ನಮ್ಮ ರಾಜ್ಯದ ದಿನಗೂಲಿ 370 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ನಿಮ್ಮಂಥವರಿಗೆ 500 ಅಂದರೆ ಒಂದು ದಿನ ಪೂರ್ತಿ ದುಡಿದು ಮಾರನೆಯ ದಿನವೂ ಒಂದಷ್ಟು ಹೊತ್ತು ದುಡಿಯಬೇಕು. ತಿಂಗಳಿಗೆ 3 ಲಕ್ಷ ಸಂಪಾದಿಸುವವರಿಗೆ ದಿನಕ್ಕೆ 10,000 ಆಯಿತು. ದಿನಕ್ಕೆ ಎಂಟು ಗಂಟೆ ಕೆಲಸ ಅಂದುಕೊಂಡರೆ 500 ರೂಪಾಯಿ ಅವರ 24 ನಿಮಿಷದ ಸಂಪಾದನೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂತಾರಲ್ಲ, ಹಾಗೆ. ದಂಡ ಹಾಕುವುದು ಇನ್ನೊಮ್ಮೆ ಹಾಗೆ ಮಾಡದಿರಲಿ ಎಂದು ತಾನೆ? ಆ ಕಾರಿನವರು ಬೆಲ್ಟ್ ಹಾಕದೇ ಹೊರಟರು ಅಂತ ನೀವೇ ಬರೆದಿದ್ದೀರಿ. ಅವರ ಮಟ್ಟಿಗೆ ಅದು ದಂಡವೇ ಆಗಲಿಲ್ಲ, ಇನ್ನೊಂದು ಟೋಲ್ ಆಯಿತು ಅಷ್ಟೆ.

ಕೋರ್ಟಿನಲ್ಲಿ ಸಣ್ಣಪುಟ್ಟ ಕೇಸುಗಳ ದಿನ ನಾನು ನೋಡುವುದನ್ನು ಹೇಳುತ್ತೇನೆ. ಹೆಸರು ಕೂಗುತ್ತಾರೆ. ಚಪ್ಪಲಿಯನ್ನು ಬಾಗಿಲ ಆಚೆಯೇ ಬಿಟ್ಟು ಒಬ್ಬರು ಒಳಗೆ ಬಂದು ಕೈಮುಗಿದು ನಿಲ್ಲುತ್ತಾರೆ. ‘ತಪ್ಪು ಒಪ್ಕೋತೀರಾ?’ ‘ಒಪ್ಕೋತೀನಿ ಸ್ವಾಮಿ.’ ದಂಡ ಇಷ್ಟು ಎಂದು ಹೇಳಿ ಮುಗಿಯುವುದಕ್ಕೆ ಒಂದು ನಿಮಿಷ ಸಾಕು. ಆಮೇಲಿನದೇ ಉದ್ದ. ಆತ ಹೊರಗೆ ಬಂದು ಕಿಟಕಿ ಕಟ್ಟೆಯ ಮೇಲೆ ನೋಟು ಎಣಿಸುತ್ತಾರೆ. ಮಡಿಕೆ ಬಿಡಿಸಿ ಮತ್ತೆ ಎಣಿಸುತ್ತಾರೆ. ಭಾಮೈದನಿಗೆ ಫೋನ್ ಹೋಗುತ್ತದೆ, ಆತ ಎತ್ತುವುದಿಲ್ಲ. ಆಲೆಮನೆ ಯಜಮಾನರಿಗೆ ಫೋನ್ ಮಾಡಿ ‘ಮುಂದಿನ ಬಟವಾಡೆಯಲ್ಲಿ ಹಿಡ್ಕೊಳ್ಳಿ ಅಣ್ಣ’ ಅಂತ ಅಂಗಲಾಚುತ್ತಾರೆ. ಮಧ್ಯಾಹ್ನದ ಊಟದ ಹೊತ್ತಿಗೆ ಹೇಗೋ ದುಡ್ಡು ಹೊಂದುತ್ತದೆ, ರಸೀದಿ ಸಿಗುತ್ತದೆ, ಅಷ್ಟರಲ್ಲಿ ಆ ದಿನದ ಕೂಲಿಯೂ ಹೋಗಿರುತ್ತದೆ. ಅದೇ ಪಟ್ಟಿಯಲ್ಲಿ, ಅದೇ ಕಲಮಿನಡಿ ಇರುವ ಇನ್ನೊಬ್ಬರ ದಂಡವನ್ನು ಅವರ ಕಡೆಯವರು ಕಟ್ಟಿ ಹೋಗಿರುತ್ತಾರೆ. ಎರಡೂ ರಸೀದಿಯಲ್ಲಿ ಮೊತ್ತ ಒಂದೇ.

ದಂಡ ಕಟ್ಟಲಾಗದಿದ್ದರೆ ಜೈಲು ಎಂಬುದೂ ಇದೆ. ಅಪರಾಧಕ್ಕೆ ದಂಡ ಮಾತ್ರ ಶಿಕ್ಷೆ ಇರುವಾಗಲೂ, 5,000 ರೂಪಾಯಿವರೆಗಿನ ದಂಡ ಕಟ್ಟದವರಿಗೆ ಎರಡು ತಿಂಗಳವರೆಗೆ ಸಾದಾ ಸಜೆ ಕೊಡಬಹುದು ಎನ್ನುತ್ತದೆ ಭಾರತೀಯ ನ್ಯಾಯ ಸಂಹಿತೆ. ದಂಡದ ದುಡ್ಡಿಲ್ಲದೆ ಒಳಗೇ ಉಳಿದವರಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ಬಡ ಕೈದಿಗಳ ನೆರವಿನ ಯೋಜನೆಯನ್ನೇ ತಂದಿತು, 25,000 ರೂಪಾಯಿವರೆಗಿನ ದಂಡವನ್ನು ಸರ್ಕಾರವೇ ಭರಿಸಲು. ಹಣ ಇದ್ದವನು ಹಣ ಕೊಟ್ಟು ಹೊರಡುತ್ತಾನೆ, ಇಲ್ಲದವನು ಒಳಗೆ ಹೋಗುತ್ತಾನೆ ಎಂಬುದನ್ನು ಸರ್ಕಾರವೂ ಒಪ್ಪಿದ ಹಾಗೆಯೇ ಆಯಿತಲ್ಲ.

ಬೇರೆ ದಾರಿ ಇಲ್ಲವೇ ಅಂದರೆ, ಫಿನ್ಲೆಂಡ್ 1921ರಲ್ಲೇ ಕಂಡುಕೊಂಡಿದೆ. ಅಲ್ಲಿ ದಂಡವನ್ನು ದಿನದ ಲೆಕ್ಕದಲ್ಲಿ ಹಾಕುತ್ತಾರೆ. ಎಷ್ಟು ದಿನ ಎಂಬುದನ್ನು ತಪ್ಪಿನ ಗಾತ್ರ ನಿರ್ಧರಿಸುತ್ತದೆ, ದಿನಕ್ಕೆ ಎಷ್ಟು ಎಂಬುದನ್ನು ಆದಾಯ ನಿರ್ಧರಿಸುತ್ತದೆ. ಸರಿಸುಮಾರು ಒಂದು ದಿನದ ನಿವ್ವಳ ಆದಾಯದ ಅರ್ಧ. ಸಾಕಬೇಕಾದ ಮಕ್ಕಳಿದ್ದರೆ ಅದಕ್ಕೂ ಕಡಿತ ಉಂಟು. 2023ರಲ್ಲಿ ಅಲ್ಲಿನ ಆಲಂಡ್ ದ್ವೀಪಗಳಲ್ಲಿ ಆಂಡರ್ಸ್ ವಿಕ್ಲೋಫ್ ಎಂಬ ಭಾರಿ ಉದ್ಯಮಿ 50ರ ಮಿತಿಯ ಜಾಗದಲ್ಲಿ 82 ಕಿ.ಮೀ. ವೇಗದಲ್ಲಿ ಹೋಗಿದ್ದಕ್ಕೆ 1,21,000 ಯೂರೊ ತೆತ್ತರು. ಸ್ವೀಡನ್, ಡೆನ್ಮಾರ್ಕ್, ಜರ್ಮನಿಗಳಲ್ಲೂ ದಿನದ ಲೆಕ್ಕದ ಪದ್ಧತಿ ಇದೆ. ಇದನ್ನು ನಮ್ಮಲ್ಲಿಗೆ ತಂದು ನೋಡಿ: ಒಂದು ತಪ್ಪಿಗೆ ಮೂರು ದಿನದ ದಂಡ ಎಂದಿಟ್ಟುಕೊಳ್ಳೋಣ. ದಿನಕ್ಕೆ 370 ದುಡಿಯುವವರಿಗೆ 555 ರೂಪಾಯಿ, 10,000 ದುಡಿಯುವವರಿಗೆ 15,000. ಆಗ ಆ ಕಾರಿನವರು ಬೆಲ್ಟ್ ಹಾಕಿಕೊಳ್ಳದೆ ಗಾಡಿ ಮುಂದಕ್ಕೆ ಬಿಡುತ್ತಿದ್ದರೇ?

ಪ್ರಶ್ನೆ: ನಾನು ಸಣ್ಣ ಅಂಗಡಿಯಿಂದ ಶುರುಮಾಡಿ ಕಷ್ಟಪಟ್ಟು ಮೇಲೆ ಬಂದವನು. ಶೇ 30ರ ತೆರಿಗೆ ಕಟ್ಟುತ್ತೇನೆ. ಈಗ ದಂಡದಲ್ಲೂ ನಾನೇ ಜಾಸ್ತಿ ಕೊಡಬೇಕು ಅನ್ನುವುದು ದುಡಿದಿದ್ದಕ್ಕೇ ಶಿಕ್ಷೆ ಕೊಟ್ಟ ಹಾಗಲ್ಲವೇ? ಸಂವಿಧಾನದ 14ನೇ ವಿಧಿ ಕಾನೂನಿನ ಮುಂದೆ ಎಲ್ಲರೂ ಸಮಾನರು ಅನ್ನುವುದಿಲ್ಲವೇ?
— ವಿಜಯನಗರ, ಮೈಸೂರು

ಉತ್ತರ: ಸರ್, ತೆರಿಗೆ ಬೇರೆ, ದಂಡ ಬೇರೆ. ನೀವು ದುಡಿದಿದ್ದಕ್ಕೆ ಯಾರೂ ದಂಡ ಹಾಕುತ್ತಿಲ್ಲ, ನಿಯಮ ಮುರಿದರೆ ಮಾತ್ರ ಹಾಕುವುದು. ಮುರಿಯದಿದ್ದರೆ ಒಂದು ಪೈಸೆಯೂ ಇಲ್ಲ. ತೆರಿಗೆಯಲ್ಲಿ ಆ ಆಯ್ಕೆ ನಿಮಗಿಲ್ಲ, ದಂಡದಲ್ಲಿ ಪೂರ್ತಿ ಇದೆ.

14ನೇ ವಿಧಿಯ ಮಾತಿಗೆ ಬರೋಣ. ಸಮಾನರನ್ನು ಸಮಾನವಾಗಿ ಕಾಣಬೇಕು, ಸಕಾರಣವಾದ ವರ್ಗೀಕರಣಕ್ಕೆ ಅಡ್ಡಿಯಿಲ್ಲ ಎಂದು ನಮ್ಮ ನ್ಯಾಯಾಲಯಗಳು ಮೊದಲಿನಿಂದಲೂ ಹೇಳುತ್ತ ಬಂದಿವೆ. ನಿಮ್ಮ ಆಡಿಟರನ್ನೇ ಕೇಳಿ. 1961ರ ಆದಾಯ ತೆರಿಗೆ ಕಾಯ್ದೆಯ 234ಎಫ್ ಕಲಮಿನಲ್ಲಿ ರಿಟರ್ನ್ಸ್ ತಡವಾಗಿ ಸಲ್ಲಿಸಿದವರಿಗೆ 5,000 ರೂಪಾಯಿ ಎಂದಿದೆ. ಒಟ್ಟು ಆದಾಯ 5 ಲಕ್ಷ ಮೀರದಿದ್ದರೆ ಮಾತ್ರ 1,000. ತಪ್ಪು ಒಂದೇ, ಆದಾಯ ನೋಡಿ ಮೊತ್ತ ಬೇರೆ. ಇಷ್ಟು ವರ್ಷ ಅದನ್ನು ಅಸಮಾನತೆ ಅಂತ ನಾವ್ಯಾರೂ ಅಂದಿಲ್ಲ. ಮೋಟಾರು ವಾಹನ ಕಾಯ್ದೆಯ 210ಬಿ ಕಲಮು ಇನ್ನೂ ನೇರವಾಗಿದೆ: ಆ ಕಾಯ್ದೆಯನ್ನು ಜಾರಿ ಮಾಡಬೇಕಾದ ಅಧಿಕಾರಿಯೇ ಅದನ್ನು ಮುರಿದರೆ ದಂಡ ಎರಡು ಪಟ್ಟು. ತಪ್ಪು ಮಾಡಿದವರು ಯಾರು ಎಂದು ನೋಡಿ ದಂಡ ಹಾಕುವುದು ನಮ್ಮ ಕಾನೂನಿಗೆ ಹೊಸದಲ್ಲ.

ಜೈಲು ಶಿಕ್ಷೆಯನ್ನೂ ಯೋಚಿಸಿ. ಒಂದು ತಿಂಗಳು ಒಳಗಿರು ಎಂದರೆ ನಿಮಗೂ ಒಂದು ತಿಂಗಳು, ನಿಮ್ಮ ಅಂಗಡಿಯಲ್ಲಿ ಮೂಟೆ ಹೊರುವವರಿಗೂ ಒಂದು ತಿಂಗಳು. ಇಬ್ಬರ ಆಯುಷ್ಯದಿಂದಲೂ ಅಷ್ಟೇ ಹೋಗುತ್ತದೆ. ದಂಡದಲ್ಲೂ ಅಷ್ಟೇ ಹೋಗಲಿ ಎಂಬುದು ನನ್ನ ವಾದ, ದುಡ್ಡನ್ನು ದಿನದಲ್ಲಿ ಎಣಿಸೋಣ ಎಂದು.

ನಿಮ್ಮ ಆತಂಕದಲ್ಲಿ ಒಂದು ಹುರುಳಿದೆ, ಅದನ್ನು ತಳ್ಳಿಹಾಕಲಾರೆ. ಇಂಗ್ಲೆಂಡಿನಲ್ಲಿ 1992ರ ಅಕ್ಟೋಬರ್‌ನಿಂದ ಆದಾಯಕ್ಕೆ ತಕ್ಕ ದಂಡ ತಂದರು. ಮರುವರ್ಷವೇ ಕೈಬಿಟ್ಟರು. ಆದಾಯದ ವಿವರ ತುಂಬಿಕೊಡದ ಒಬ್ಬನಿಗೆ, ಚಿಪ್ಸ್ ತಿಂದು ಖಾಲಿ ಪೊಟ್ಟಣ ಬಿಸಾಡಿದ್ದಕ್ಕೆ 1,200 ಪೌಂಡ್ ದಂಡ ಬಿದ್ದು ದೇಶವೆಲ್ಲ ರಂಪವಾಯಿತು. ಫಿನ್ಲೆಂಡಿನಲ್ಲೂ ನೋಕಿಯಾದ ಅಧಿಕಾರಿ ಅನ್ಸಿ ವನ್ಯೋಕಿಗೆ 2002ರಲ್ಲಿ 1,16,000 ಯೂರೊ ದಂಡ ಹಾಕಿ, ಆಮೇಲೆ ಅವರ ಆದಾಯ ಇಳಿದಿದೆ ಎಂದು ಬಹುಪಾಲು ಕಡಿಮೆ ಮಾಡಿದರು. ಆದ್ದರಿಂದ ಸಣ್ಣ ತಪ್ಪಿಗೆ ಈ ಲೆಕ್ಕ ಬೇಡ, ಮೇಲೊಂದು ಮಿತಿ ಇರಲಿ, ಮೇಲ್ಮನವಿಗೆ ಅವಕಾಶ ಇರಲಿ. ಫಿನ್ಲೆಂಡಿನವರೂ ವೇಗಮಿತಿಯನ್ನು 20 ಕಿ.ಮೀ. ಒಳಗೆ ದಾಟಿದವರಿಗೆ ಎಲ್ಲರಿಗೂ ನಿಗದಿ ಮೊತ್ತವನ್ನೇ ಹಾಕುತ್ತಾರೆ. ಅದಕ್ಕಿಂತ ಮೇಲೆ ಹೋದಾಗಲೇ ಆದಾಯದ ಲೆಕ್ಕ. ಅಷ್ಟು ವಿವೇಕ ನಮಗೂ ಬೇಕು.

ಪ್ರಶ್ನೆ: ಕೇಳುವುದಕ್ಕೆ ಚೆನ್ನಾಗಿದೆ, ಆದರೆ ನಮ್ಮ ದೇಶದಲ್ಲಿ ಯಾರ ಆದಾಯ ಎಷ್ಟು ಅಂತ ಯಾರಿಗೆ ಗೊತ್ತು? ನಮ್ಮ ಮಂಡ್ಯದಲ್ಲಿ ನಲವತ್ತು ಎಕರೆ ಕಬ್ಬು ಬೆಳೆಯುವವರೂ ತೆರಿಗೆ ಕಟ್ಟುವುದಿಲ್ಲ. ಕೊನೆಗೆ ಸಂಬಳದ ಮೇಷ್ಟ್ರು ಮಾತ್ರ ಸಿಕ್ಕಿಬೀಳುತ್ತಾರೆ.
— ಕಾನೂನು ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಇದು ಗಟ್ಟಿಯಾದ ಪ್ರಶ್ನೆ ಮಗಳೇ. ಫಿನ್ಲೆಂಡಿನಲ್ಲಿ ಪೊಲೀಸರು ರಸ್ತೆಯಲ್ಲೇ ನಿಂತು ತೆರಿಗೆ ಇಲಾಖೆಯ ದಾಖಲೆಯಿಂದ ಆದಾಯ ತಿಳಿದುಕೊಳ್ಳುತ್ತಾರೆ. ನಮ್ಮಲ್ಲಿ ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲ, ದೇಶದ ಬಹುಪಾಲು ಜನ ರಿಟರ್ನ್ಸ್ ಹಾಕುವುದೂ ಇಲ್ಲ. ಆದಾಯವನ್ನೇ ಹಿಡಿದು ಹೊರಟರೆ ನೀನು ಹೇಳಿದ ಹಾಗೆ ಮೇಷ್ಟ್ರೇ ಸಿಕ್ಕಿಬೀಳುವುದು.

ಆದರೆ ರಸ್ತೆಯ ತಪ್ಪುಗಳ ಮಟ್ಟಿಗೆ ಆದಾಯ ಗೊತ್ತಿರಬೇಕಾದ್ದೇ ಇಲ್ಲ. ಕಾರಿನ ಬೆಲೆ ಆರ್‌ಟಿಒ ದಾಖಲೆಯಲ್ಲಿದೆ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರು ಕೊಂಡರೆ ಕಟ್ಟುವ ಆಜೀವ ತೆರಿಗೆ ನೋಡು: 5 ಲಕ್ಷದವರೆಗಿನ ಕಾರಿಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದರ ಮೇಲೆ ಶೇ 18. ದುಬಾರಿ ಕಾರಿನವರು ಹೆಚ್ಚು ಕೊಡಲಿ ಎಂದು ಸರ್ಕಾರ ತೀರ್ಮಾನಿಸಿ, ಅದಕ್ಕೊಂದು ಮೆಟ್ಟಿಲು ಕಟ್ಟಿ, ದಿನವೂ ವಸೂಲಿ ಮಾಡುತ್ತಿದೆ. ಅದೇ ಮೆಟ್ಟಿಲು ದಂಡಕ್ಕೂ ಆಗುತ್ತದೆ.

ಕಾನೂನಿನಲ್ಲಿ ಜಾಗ ಎಲ್ಲಿದೆ ಎಂದು ನೀನು ಕೇಳಬೇಕು, ವಿದ್ಯಾರ್ಥಿನಿಯಾದ್ದರಿಂದ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 210ಎ ಕಲಮನ್ನು ಇವತ್ತೇ ತೆಗೆದು ಓದು. ಅದರ ಬಗ್ಗೆ ನಮ್ಮ ಕಡೆ ಯಾರೂ ಮಾತಾಡಿದ್ದು ನಾನು ಕೇಳಿಲ್ಲ. ಕೇಂದ್ರದ ಷರತ್ತುಗಳಿಗೆ ಒಳಪಟ್ಟು, ರಾಜ್ಯ ಸರ್ಕಾರ ಈ ಕಾಯ್ದೆಯ ಪ್ರತಿ ದಂಡಕ್ಕೂ ಒಂದರಿಂದ ಹತ್ತರವರೆಗೆ ಗುಣಕ ನಿಗದಿ ಮಾಡಬಹುದು. ಅಷ್ಟೇ ಅಲ್ಲ, ರಾಜ್ಯವೇ ವಾಹನಗಳನ್ನು ವರ್ಗ ಮಾಡಿ ಬೇರೆ ಬೇರೆ ವರ್ಗಕ್ಕೆ ಬೇರೆ ಬೇರೆ ಗುಣಕ ಹಾಕಬಹುದು. ಅಂದರೆ ಹತ್ತು ಲಕ್ಷದ ಒಳಗಿನ ಕಾರಿಗೆ ಒಂದು, ಇಪ್ಪತ್ತು ಲಕ್ಷದವರೆಗೆ ಮೂರು, ಅದರ ಮೇಲೆ ಆರು, ಐವತ್ತು ಲಕ್ಷ ದಾಟಿದ್ದಕ್ಕೆ ಹತ್ತು. ಕಾರಿನ ಅತಿವೇಗಕ್ಕೆ ಈಗಿರುವ 1,000 ರೂಪಾಯಿ ದೊಡ್ಡ ಕಾರಿಗೆ 10,000 ಆಗುತ್ತದೆ, ಎಕ್ಸೆಲ್‌ನವರ ದಂಡ ಇದ್ದಲ್ಲೇ ಇರುತ್ತದೆ. ದಂಡದ ಮೊತ್ತದಲ್ಲಿ ಕೈಯಾಡಿಸುವುದು ರಾಜ್ಯಕ್ಕೆ ಹೊಸದೇನಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಜನರ ಕೂಗಿಗೆ ಮಣಿದು ಹೆಲ್ಮೆಟ್, ಸೀಟ್ ಬೆಲ್ಟ್ ದಂಡವನ್ನು 1,000ದಿಂದ 500ಕ್ಕೆ ಇಳಿಸಿದ್ದು ನಮ್ಮ ಸರ್ಕಾರವೇ. ಎಲ್ಲರಿಗೂ ಇಳಿಸಿತು, ಇಳಿಸಬೇಕಿಲ್ಲದವರಿಗೂ.

ತೊಡಕುಗಳಿವೆ. ಹನ್ನೆರಡು ವರ್ಷ ಹಳೆಯ ದೊಡ್ಡ ಕಾರನ್ನು ಅಗ್ಗಕ್ಕೆ ಕೊಂಡವರಿಗೆ ಹೊಸ ಕಾರಿನ ಬೆಲೆ ಹಿಡಿಯಬಾರದು. ಹೊರರಾಜ್ಯದ ಹಳೆ ಗಾಡಿಗಳಿಗೆ ವಯಸ್ಸಿನ ಮೇಲೆ ತೆರಿಗೆ ಇಳಿಸುವ ಪಟ್ಟಿ ಆರ್‌ಟಿಒದಲ್ಲೇ ಇದೆ, ಅದನ್ನೇ ಬಳಸಲಿ. ಲಾರಿ, ಬಸ್ಸು, ಹಳದಿ ಬೋರ್ಡಿನ ಟ್ಯಾಕ್ಸಿಗಳನ್ನು ಹೊರಗಿಡಲೇಬೇಕು. ನಲವತ್ತು ಲಕ್ಷದ ಲಾರಿ ಓಡಿಸುವವರ ಜೇಬಿನಲ್ಲಿ ನಾಲ್ಕು ಸಾವಿರ ಇರುವುದಿಲ್ಲ. ಬೆಲೆಯನ್ನೇ ಒಂದು ವರ್ಗ ಎನ್ನಬಹುದೇ ಎಂದು ಹೈಕೋರ್ಟಿಗೆ ಹೋಗುವವರು ಖಂಡಿತ ಇದ್ದಾರೆ. ಹೋಗಲಿ, ವಾದ ಮಾಡೋಣ. ಸನ್ನದು ಸಿಕ್ಕ ಮೇಲೆ ಅಂಥದ್ದೊಂದು ಕೇಸಿನಲ್ಲಿ ನೀನು ನಿಂತರೆ ನನಗೆ ಬಹಳ ಸಂತೋಷ.

ಪ್ರಶ್ನೆ: ಬಾಕಿ ದಂಡಕ್ಕೆ ಸರ್ಕಾರ ಆಗಾಗ ಅರ್ಧ ರಿಯಾಯಿತಿ ಕೊಡುತ್ತದಲ್ಲ, ಬಡವರಿಗೆ ಅದೇ ಸಾಕಲ್ಲವೇ?
— ಕೆ.ಆರ್. ಪೇಟೆ

ಉತ್ತರ: ಸಾಲದು. 2023ರ ಫೆಬ್ರುವರಿಯಲ್ಲೂ 2025ರಲ್ಲೂ ಶೇ 50 ರಿಯಾಯಿತಿ ಕೊಟ್ಟಾಗ ಎಲ್ಲ ವಾಹನಕ್ಕೂ ಒಂದೇ ಸಮ ಕೊಟ್ಟರು. ಹತ್ತಾರು ನೋಟಿಸು ಬಾಕಿ ಇಟ್ಟುಕೊಂಡವರಿಗೆ ಹೆಚ್ಚು ಲಾಭ, ಸಿಕ್ಕಿಬಿದ್ದ ದಿನವೇ ಸಾಲ ಮಾಡಿ ಪೂರ್ತಿ ಕಟ್ಟಿದವರಿಗೆ ಏನೂ ಇಲ್ಲ.

ಪ್ರಶ್ನೆ: ನಾನು ಮೈಸೂರಿನ ಒಬ್ಬ ಯಜಮಾನರ ಬಳಿ ಡ್ರೈವರ್. ಬೆಳಗ್ಗೆ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಹೋಗಬೇಕಿತ್ತು. ಅವರು ಹೊರಟಿದ್ದೇ ತಡ. ‘ಏಳೂವರೆಗೆ ನಾನು ಅಲ್ಲಿರಬೇಕು, ಎಷ್ಟಾದರೂ ಓಡಿಸು’ ಅಂತ ವಾಟ್ಸ್‌ಆ್ಯಪ್‌ನಲ್ಲಿ ಹಾಕಿ, ಕಾರಿನಲ್ಲಿ ಕೂತ ಮೇಲೂ ಹೇಳುತ್ತಲೇ ಇದ್ದರು. ಮದ್ದೂರು ದಾಟುವಾಗ ಕ್ಯಾಮೆರಾದಲ್ಲಿ 138 ಬಂದಿದೆ. ಈಗ ನನ್ನ ಮೇಲೆ ಎಫ್‌ಐಆರ್. ‘ಸ್ಟೇರಿಂಗ್ ಹಿಡಿದಿದ್ದು ನೀನು ತಾನೇ, ದಂಡ ನಿನ್ನ ಸಂಬಳದಲ್ಲಿ ಹಿಡಿಯುತ್ತೇನೆ’ ಅನ್ನುತ್ತಾರೆ. ಏನು ಮಾಡಲಿ ಅಕ್ಕ?
— ಹೆಸರು, ಊರು ಬೇಡ

ಉತ್ತರ: ತಮ್ಮಾ, ಮೊದಲು ಆ ಮೆಸೇಜನ್ನು ಅಳಿಸಬೇಡ. ಸ್ಕ್ರೀನ್‌ಶಾಟ್ ಒಂದೇ ಸಾಲದು, ಫೋನನ್ನೇ ಹಾಗೇ ಇಟ್ಟುಕೋ. ಹೊಸ ಫೋನ್ ಕೊಂಡರೂ ಹಳೆಯದನ್ನು ಯಾರಿಗೂ ಕೊಡಬೇಡ.

ನೀನು 138ರಲ್ಲಿ ಓಡಿಸಿದ್ದು ಅಪಾಯದ ಕೆಲಸವೇ, ಅದಕ್ಕೆ ನಿನ್ನ ಪಾಲಿನ ಹೊಣೆ ನಿನಗಿದೆ. ಆ ರಸ್ತೆಯಲ್ಲಿ ಕಾರಿನ ಮಿತಿ 100. 2024ರ ಆಗಸ್ಟ್‌ನಿಂದ 130 ದಾಟಿದರೆ ಬರೀ ನೋಟಿಸಲ್ಲ, ಎಫ್‌ಐಆರ್. ನ್ಯಾಯ ಸಂಹಿತೆಯ 281ನೇ ಕಲಮಿನಲ್ಲಿ ಶಿಕ್ಷೆ ಆರು ತಿಂಗಳವರೆಗೆ ಸಜೆ, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಈ ಸಾವಿರ ರೂಪಾಯಿ 1860ರ ದಂಡ ಸಂಹಿತೆಯ 279ನೇ ಕಲಮಿನಿಂದ ಬಂದದ್ದು. ಅವತ್ತು ಅದು ದೊಡ್ಡ ಗಂಟು. 2023ರಲ್ಲಿ ಹೊಸ ಸಂಹಿತೆ ಬರೆದಾಗಲೂ ಸಾವಿರವೇ ಉಳಿಯಿತು. ನಿನ್ನ ಯಜಮಾನರಿಗೆ ಅದು ವಿಮಾನ ನಿಲ್ದಾಣದ ಪಾರ್ಕಿಂಗ್ ಖರ್ಚಿನ ಸಾಲಿಗೆ ಸೇರುವ ಮೊತ್ತ.

ಆದರೆ ಹೊಣೆ ನಿನ್ನೊಬ್ಬನದೇ ಅಲ್ಲ. ಮೋಟಾರು ವಾಹನ ಕಾಯ್ದೆಯ 183ನೇ ಕಲಮು ವೇಗಮಿತಿ ಮೀರಿ ಓಡಿಸುವವರನ್ನು ಮಾತ್ರವಲ್ಲ, ತನ್ನ ಕೈಕೆಳಗಿನ ಕೆಲಸಗಾರನಿಂದ ಹಾಗೆ ಓಡಿಸುವವರನ್ನೂ ಹಿಡಿಯುತ್ತದೆ. ಇಷ್ಟು ಹೊತ್ತಿನೊಳಗೆ ತಲುಪಬೇಕು ಎಂದು ನಿರ್ದೇಶನ ಕೊಟ್ಟು, ಆ ಹೊತ್ತಿಗೆ ವೇಗಮಿತಿ ಮೀರದೆ ತಲುಪುವುದು ಸಾಧ್ಯವಿಲ್ಲ ಎಂದು ಕೋರ್ಟಿಗೆ ಅನ್ನಿಸಿದರೆ, ಆ ನಿರ್ದೇಶನವೇ ಕೊಟ್ಟವರ ವಿರುದ್ಧ ಮೇಲ್ನೋಟದ ಸಾಕ್ಷ್ಯ ಎಂದೂ ಅದೇ ಕಲಮು ಹೇಳುತ್ತದೆ. ನಿನ್ನ ಫೋನಿನಲ್ಲಿರುವ ಸಾಲು ಅಂಥದ್ದೇ. ಮನೆಯಿಂದ ಹೊರಟ ಸಮಯ, ಟೋಲ್‌ನಲ್ಲಿ ಫಾಸ್ಟ್ಯಾಗ್ ಕಡಿತವಾದ ಸಮಯ ಎರಡನ್ನೂ ಬರೆದಿಟ್ಟುಕೋ.

ಮೊದಲ ದಿನವೇ ‘ಒಪ್ಕೋತೀನಿ ಸ್ವಾಮಿ’ ಎಂದು ದುಡ್ಡು ಕಟ್ಟಿ ಬರಬೇಡ. ಸಾವಿರ ರೂಪಾಯಿಗೆ ಮುಗಿಯಿತಲ್ಲ ಎಂದು ಬಹಳ ಡ್ರೈವರುಗಳು ಹಾಗೇ ಮಾಡುತ್ತಾರೆ. ಮುಗಿಯುವುದಿಲ್ಲ. ತಪ್ಪಿತಸ್ಥ ಎಂದು ದಾಖಲಾಗುತ್ತದೆ, ಲೈಸೆನ್ಸ್ ಅಮಾನತಿಗೆ ಆರ್‌ಟಿಒ ಮುಂದಾಗಬಹುದು. ಯಜಮಾನರ ಲೈಸೆನ್ಸ್ ಹೋದರೆ ಅವರು ಇನ್ನೊಬ್ಬ ಡ್ರೈವರನ್ನು ಇಟ್ಟುಕೊಳ್ಳುತ್ತಾರೆ. ನಿನ್ನದು ಹೋದರೆ ಮನೆ ನಡೆಯುವುದೇ ಕಷ್ಟ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ನಿನ್ನ ಕೇಸು ನಡೆಯುವ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ, ಅರ್ಜಿ ಕೊಟ್ಟರೆ ಉಚಿತವಾಗಿ ವಕೀಲರನ್ನು ನೇಮಿಸುತ್ತಾರೆ. ಸಮನ್ಸ್, ಆಧಾರ್, ಸಂಬಳದ ವಿವರ ತೆಗೆದುಕೊಂಡು ಹೋಗು. ಸಂಬಳದಲ್ಲಿ ದಂಡ ಹಿಡಿದರೆ ಅದನ್ನು ಬರಹದಲ್ಲಿ ಕೇಳು. ಬರೆದುಕೊಡಲು ಅವರು ಒಪ್ಪದಿದ್ದರೆ ಹಿಡಿದ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಅನ್ನೂ ವಕೀಲರಿಗೆ ಕೊಡು.